ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮ

ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವರ ಹತ್ತಿರ ಅಕೌಂಟೆನ್ಸಿ ಪುಸ್ತಕ ಹುಡುಕುವುದಕ್ಕೆ ಹೋಗಿದ್ದೆ. ಅದು ಸಿಗಲಿಲ್ಲ. ಜಪಾನಿನ ಬಗ್ಗೆ ಒಂದು ಚಿತ್ರದ ಪುಸ್ತಕ ಸಿಕ್ಕಿತು. ಮುಖಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ಬಳಿದುಕೊಂಡು, ಮೂರು ತಂತಿಯ ವಾದ್ಯ ಹಿಡಿದು ಕೂತ ಹೆಂಗಸರ ಚಿತ್ರಗಳು ಅದರ ತುಂಬ ಇದ್ದವು. ಗೇಷಾಗಳು ಎಂದರೆ ಇವರೇ. ಜೊತೆಯಲ್ಲಿದ್ದ ಗೆಳೆಯ ಚಿತ್ರ ನೋಡಿ ಕಿಸಕ್ಕನೆ ನಕ್ಕ; ಇವರು ಎಂಥವರು ಅಂತ ಗೊತ್ತಿಲ್ವಾ ಎಂಬ ಹಾಗೆ ಕಣ್ಣು ಹೊಡೆದ. ನನಗೂ ಆಗ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ ಅನ್ನುವುದು ಆಮೇಲೆ ಓದಿದಾಗ ತಿಳಿಯಿತು.

ಗೇಷಾ ಎಂದರೆ ಜಪಾನಿ ಭಾಷೆಯಲ್ಲಿ ಕಲೆಯವರು ಎಂದಷ್ಟೇ ಅರ್ಥ. ಮೊದಮೊದಲು ಆ ಹೆಸರು ಇದ್ದದ್ದು ಗಂಡಸರಿಗೆ. ಔತಣಗಳಲ್ಲಿ ಡೋಲು ಬಡಿದು, ಹಾಸ್ಯ ಹೇಳಿ ನಗಿಸುತ್ತಿದ್ದವರಿಗೆ. ಹೆಂಗಸರು ಈ ಕಸುಬಿಗೆ ಬಂದದ್ದು ಹದಿನೆಂಟನೆಯ ಶತಮಾನದ ನಡುವಿನಲ್ಲಿ. 1779ರಲ್ಲಿ ಎಡೋ, ಅಂದರೆ ಈಗಿನ ಟೋಕಿಯೋದ ಯೋಶಿವಾರ ಕೇರಿಯಲ್ಲಿ ಇವರ ಹೆಸರು ದಾಖಲು ಮಾಡುವುದಕ್ಕೆ ಒಂದು ಕಚೇರಿಯೇ ತೆರೆಯಿತು. ಮೈ ಮಾರುವವರ ವ್ಯಾಪಾರಕ್ಕೆ ಇವರು ಅಡ್ಡ ಹೋಗಬಾರದು, ಹಾಡು ಕುಣಿತ ಇಷ್ಟೇ ಇವರ ಕೆಲಸ ಎಂದು ಕಟ್ಟುಪಾಡಾಯಿತು. ಹಾಗಂತ ಕಾಗದದ ಮೇಲಿನ ಕಟ್ಟುಪಾಡು ಎಲ್ಲ ಹುಡುಗಿಯರನ್ನೂ ಕಾಪಾಡಿತು ಅಂತ ತಿಳಿಯಬೇಡಿ. ಬಡವರ ಮನೆಯ ಮಕ್ಕಳನ್ನು ಸಾಲಕ್ಕೆ ಬದಲಾಗಿ ಕೊಟ್ಟುಬಿಡುವುದೂ ಅಲ್ಲಿ ಇತ್ತು. ಆದರೂ 1872ರಲ್ಲಿ, ರಾಜಧಾನಿಯೆಂಬ ಪಟ್ಟ ಕಳೆದುಕೊಂಡ ಕ್ಯೋಟೋ ನಗರದವರು ವಸ್ತುಪ್ರದರ್ಶನ ನಡೆಸಿದಾಗ, ನಮ್ಮೂರಿನ ಹೆಮ್ಮೆ ಎಂದು ಮುಂದೆ ತಂದು ನಿಲ್ಲಿಸಿದ್ದು ಗಿಯೋನ್ ಕೇರಿಯ ಗೇಷಾಗಳ ಕುಣಿತವನ್ನು.

ನಮ್ಮಲ್ಲಿ ಏನಾಯಿತು? ಇಪ್ಪತ್ತೇ ವರ್ಷ ಬಿಟ್ಟು, 1893ರಲ್ಲಿ, ಮದ್ರಾಸಿನ ಸುಧಾರಕರು ಗವರ್ನರಿಗೂ ವೈಸರಾಯಿಗೂ ಒಂದು ಮನವಿ ಕಳಿಸಿದರು. ನರ್ತಕಿಯರ ಕುಣಿತ ಇರುವ ಯಾವ ಸಮಾರಂಭಕ್ಕೂ ದೊರೆಗಳು ಹೋಗಬಾರದು ಎಂದು. ಇಂಥ ಗಾಳಿ ಬೀಸುತ್ತಿದ್ದ ಆ ಹೊತ್ತಿನಲ್ಲೇ, ಬೆಂಗಳೂರಿನಲ್ಲಿ ಹದಿನೈದು ವರ್ಷದ ಒಬ್ಬ ಹುಡುಗಿ ಮೊದಲ ಸಲ ತಿಳಿದವರ ಸಭೆಯ ಮುಂದೆ ನಿಂತು ತನ್ನ ಸಂಗೀತ, ನೃತ್ಯ ತೋರಿಸಿದಳು. ನಾನು ಬರೆಯಹೊರಟದ್ದು ಅವರ ಕಥೆ. ಈ ಒಂದು ಸಲ ತೋರಿಸಿದಳು ಎಂದು ಬರೆದೆ, ಹುಡುಗಿ ಎಂಬ ಕಾರಣಕ್ಕೆ. ಇನ್ನು ಮುಂದೆ ಅವರು ಎಂದೇ ಬರೆಯುತ್ತೇನೆ. ಇಂಥ ಮನೆತನದ ಹೆಂಗಸರನ್ನು ನಮ್ಮ ಎಷ್ಟೋ ಪುಸ್ತಕಗಳಲ್ಲಿ ಅವಳು, ಇವಳು ಎಂದೇ ಕರೆದಿರುವುದನ್ನು ಕಂಡು ನನಗೆ ಬೇಜಾರಾಗಿದೆ.

ಮುಂಬಯಿಯಲ್ಲಿ ಬೆಳೆದ ನಮಗೆ ದೇವದಾಸಿ ಎಂಬ ಮಾತು ಕಿವಿಗೆ ಬಿದ್ದರೆ ತಲೆ ತಗ್ಗಿಹೋಗುತ್ತದೆ. ಬೆಳಗಾವಿ, ಬಿಜಾಪುರದ ಕಡೆಯಿಂದ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರು ಕಾಮಾಟಿಪುರಕ್ಕೆ ಬಂದು ಸೇರಿದ್ದು ಈ ಊರಿನ ಕನ್ನಡಿಗರಿಗೆಲ್ಲ ಗೊತ್ತಿರುವ, ಆದರೆ ಯಾರೂ ಮನೆಯಲ್ಲಿ ಮಾತಾಡದ ವಿಷಯ. ನಮ್ಮ ಭಾಷೆ ಆಡುವ ಹುಡುಗಿಯರು ಅವರು. ಅದು ಒಂದು ಸಂಗತಿ. ಆದರೆ ಆ ಒಂದೇ ಮಾತಿನ ಒಳಗೆ ಇನ್ನೊಂದು ಲೋಕವೂ ಇತ್ತು. ಮೈಸೂರು ಸೀಮೆಯಲ್ಲಿ, ತಂಜಾವೂರಿನಲ್ಲಿ, ದೇವರಿಗೆ ತಾಳಿ ಕಟ್ಟಿಸಿಕೊಂಡ ಹೆಂಗಸರು ದೇವಸ್ಥಾನದಲ್ಲೂ ಅರಮನೆಯಲ್ಲೂ ಹಾಡಿ ಕುಣಿಯುತ್ತಿದ್ದರು. ಗಂಡ ಸಾಯುವವನಲ್ಲವಾದ್ದರಿಂದ ಅವರು ನಿತ್ಯಸುಮಂಗಲಿಯರು. ಮದುವೆ ಮನೆಗಳಲ್ಲಿ ಅವರ ಕಾಲ್ಗುಣ ಒಳ್ಳೆಯದು ಎಂಬ ನಂಬಿಕೆ. ಆಸ್ತಿ ತಾಯಿಯಿಂದ ಮಗಳಿಗೆ ಬರುತ್ತಿತ್ತು. ಹೆಣ್ಣು ಮಗುವನ್ನು ದತ್ತು ತೆಗೆದುಕೊಳ್ಳುವ ಹಕ್ಕಿತ್ತು. ಸಂಸಾರಸ್ಥರ ಮನೆಯ ಹೆಂಗಸರಿಗೆ ಅಕ್ಷರ ಕಲಿಸಿದರೆ ಗಂಡ ಸಾಯುತ್ತಾನೆ ಎಂದು ಹೆದರುತ್ತಿದ್ದ ಕಾಲದಲ್ಲಿ ಇವರು ಸಂಸ್ಕೃತ, ತೆಲುಗು ಓದುತ್ತಿದ್ದರು. ಸುಖದ ಬಾಳು ಅಂತ ನಾನು ಹೇಳುತ್ತಿಲ್ಲ. ಸಾಹುಕಾರನ ಆಶ್ರಯ ಬೇಕು, ಅವನು ಬಿಟ್ಟುಹೋದರೆ ಕೇಳುವವರಿಲ್ಲ.

ನಾಗರತ್ನಮ್ಮನವರ ತಾಯಿ ಪುಟ್ಟಲಕ್ಷ್ಮಮ್ಮನ ಪಾಡು ಇದೇ ಆಯಿತು. 1878ರಲ್ಲಿ ನಂಜನಗೂಡಿನಲ್ಲಿ ಮಗಳು ಹುಟ್ಟಿದಳು. ತಂದೆ ವಕೀಲ ಸುಬ್ಬರಾಯರು. ನಂಜನಗೂಡು ಅಂದರೆ ನಮಗೆ ರಸಬಾಳೆ, ಹಲ್ಲುಪುಡಿ, ನಂಜುಂಡೇಶ್ವರ ಇಷ್ಟೇ ನೆನಪಿಗೆ ಬರುತ್ತದೆ. ನನ್ನ ಅಮ್ಮ ಆ ಸೀಮೆಯವರೇ. ಅವರಿಗೂ ಈ ಹೆಸರು ಗೊತ್ತಿರಲಿಲ್ಲ. ಸುಬ್ಬರಾಯರು ತಾಯಿ ಮಗಳನ್ನು ಬಿಟ್ಟುಬಿಟ್ಟರು. ಪುಟ್ಟಲಕ್ಷ್ಮಮ್ಮ ಕೂಸನ್ನು ಎತ್ತಿಕೊಂಡು ಮೈಸೂರಿಗೆ ಬಂದು, ಅರಮನೆಯ ಸಂಸ್ಕೃತ ಪಂಡಿತರಾದ ಗಿರಿಭಟ್ಟರ ತಮ್ಮಯ್ಯನವರ ಹತ್ತಿರ ಮಗಳನ್ನು ಪಾಠಕ್ಕೆ ಹಾಕಿದರು. ಐದು ವರ್ಷಕ್ಕೆ ದೇವರ ಸೇವೆಗೆ ಬಿಟ್ಟದ್ದೂ ಆಯಿತು. ಹುಡುಗಿ ಅಮರ, ಕಾವ್ಯ ಎಲ್ಲ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರೂ ಕೆಲವು ವರ್ಷಕ್ಕೆ ಆ ಆಸರೆಯೂ ತಪ್ಪಿತು. ಮಗಳು ವಿದ್ವಾಂಸಳಾಗುವ ತನಕ ಈ ಊರಿಗೆ ಕಾಲಿಡುವುದಿಲ್ಲ ಎಂದು ತಾಯಿ ಶಪಥ ಮಾಡಿ ಮೈಸೂರು ಬಿಟ್ಟರು ಎಂದು ಹೇಳುತ್ತಾರೆ. ಶಪಥ ಮಾಡಿದ್ದು ನಿಜವೋ ಅಲ್ಲವೋ, ಊರು ಬಿಟ್ಟದ್ದು ನಿಜ.

ಬೆಂಗಳೂರಿನಲ್ಲಿ ಪಿಟೀಲು ನುಡಿಸುವ ಸೋದರಮಾವ ವೆಂಕಟಸ್ವಾಮಪ್ಪನವರ ಆಸರೆ ಸಿಕ್ಕಿತು. ಅಲ್ಲಿ ಮುನಿಸ್ವಾಮಪ್ಪನವರಲ್ಲಿ ಸಂಗೀತ ಪಾಠ. ಈ ಮುನಿಸ್ವಾಮಪ್ಪನವರು ವಾಲಾಜಾಪೇಟೆಯ ಶಿಷ್ಯಪರಂಪರೆಗೆ ಸೇರಿದವರು; ವಾಲಾಜಾಪೇಟೆಯ ವೆಂಕಟರಮಣ ಭಾಗವತರು ಸಾಕ್ಷಾತ್ ತ್ಯಾಗರಾಜರ ಶಿಷ್ಯರು. ಹೀಗೆ ಗುರುವಿನ ಗುರುವಿನ ದಾರಿ ಹಿಡಿದು ಹೋದರೆ ತ್ಯಾಗರಾಜರ ಮನೆ ಬಾಗಿಲಿಗೇ ಹೋಗಿ ಮುಟ್ಟುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಹದಿನೈದಕ್ಕೆ ಸಭೆ ಏರಿದ ಮೇಲೆ ಹೆಸರು ಬೇಗ ಹಬ್ಬಿತು. ಮೈಸೂರಿನ ಅರಮನೆಯಲ್ಲೂ ಹಾಡಿದರು. ತಾಯಿ ಬಿಟ್ಟುಬಂದ ಊರಿಗೆ ಮಗಳು ವಿದುಷಿಯಾಗಿ ಕಾಲಿಟ್ಟರು. ಅವರ ದನಿ ತೆಳ್ಳಗಿನದಲ್ಲ, ಗಂಡಸರ ದನಿಯ ಹಾಗೆ ಗಟ್ಟಿ. ಬೆಂಗಳೂರಿನಲ್ಲಿ ನ್ಯಾಯಾಧೀಶ ನರಹರಿರಾಯರು ಅವರಿಗೆ ಆಶ್ರಯದಾತರಾಗಿದ್ದರು. ಹನುಮಂತನಗರದ ಹತ್ತಿರ ನರಹರಿರಾಯರ ಗುಡ್ಡ ಅಂತ ಇದೆಯಲ್ಲ, ಆ ಹೆಸರು ಇವರದೇ. ರಾಯರ ಹೆಸರಿನಲ್ಲಿ ಗುಡ್ಡ ಉಳಿಯಿತು. ಆಮೇಲೆ ನಾಗರತ್ನಮ್ಮನವರು ಮದ್ರಾಸು ಸೇರಿದರು. ಆ ಕಾಲಕ್ಕೆ ಸಂಗೀತದವರಿಗೆ ಮದ್ರಾಸು ಅಂದರೆ ಸಿನಿಮಾದವರಿಗೆ ಮುಂಬಯಿ ಇದ್ದ ಹಾಗೆ. ಅಲ್ಲಿ ರಾಜರತ್ನ ಮುದಲಿಯಾರ್ ಎಂಬ ವರ್ತಕರ ಆಶ್ರಯ, ಸ್ವಂತ ಮನೆ, ಒಂದರ ಹಿಂದೆ ಒಂದು ಕಚೇರಿ. ಗ್ರಾಮೋಫೋನ್ ಪ್ಲೇಟುಗಳೂ ಬಂದವು.

ನಾನು ಕಾಮರ್ಸ್ ಓದುವವನಾದ್ದರಿಂದ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ನಾಗರತ್ನಮ್ಮನವರು ತಾವು ಮಾಡಿದ ಕಚೇರಿಗಳಿಗೆಲ್ಲ ಲೆಕ್ಕ ಬರೆದಿಟ್ಟಿದ್ದರು. 1905ರಿಂದ 1934ರವರೆಗೆ ಸಾವಿರದ ಇನ್ನೂರಕ್ಕೂ ಮೀರಿ ಕಚೇರಿ! ಮದ್ರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಇವರೇ ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ತೆರಿಗೆ ಕಟ್ಟುವುದೆಂದರೆ ನಮ್ಮ ಅಪ್ಪಂದಿರು ಗೊಣಗುತ್ತಾರೆ. ಆದರೆ ಯೋಚಿಸಿ ನೋಡಿ, ಸಾಹುಕಾರ ಕೊಟ್ಟ ಕಾಣಿಕೆಗೆ ಆಗ ಯಾರೂ ತೆರಿಗೆ ಕಟ್ಟುತ್ತಿರಲಿಲ್ಲ. ದುಡಿದ ದುಡ್ಡಿಗೆ ಕಟ್ಟುತ್ತಾರೆ. ಇದು ನನ್ನ ದುಡಿಮೆ ಎಂದು ಸರ್ಕಾರದ ದಫ್ತರದಲ್ಲಿ ಬರೆಸಿದ ಹಾಗಾಯಿತು.

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಹದಿನೆಂಟನೆಯ ಶತಮಾನದಲ್ಲಿ, ತಂಜಾವೂರಿನ ಪ್ರತಾಪಸಿಂಹ ರಾಜನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ಇದ್ದರು. ಅವರೂ ಇದೇ ಕುಲದವರು. ರಾಧಿಕಾ ಸಾಂತ್ವನಮು ಎಂದು ಒಂದು ತೆಲುಗು ಕಾವ್ಯ ಬರೆದರು. ರಾಧೆ ತಾನೇ ಸಾಕಿ ಬೆಳೆಸಿದ ಇಳಾದೇವಿಯನ್ನು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ, ಆಮೇಲೆ ವಿರಹ ತಡೆಯಲಾರದೆ ಸಿಟ್ಟಾಗುತ್ತಾಳೆ, ಕೃಷ್ಣ ಬಂದು ಸಮಾಧಾನ ಮಾಡುತ್ತಾನೆ. ಕಥೆ ಇಷ್ಟೇ. ಆದರೆ ಅದರಲ್ಲಿ ಹೆಣ್ಣಿನ ಆಸೆ ಹೆಣ್ಣಿನ ಬಾಯಲ್ಲೇ, ಮುಚ್ಚುಮರೆ ಇಲ್ಲದೆ ಬಂದಿದೆ. ನಮ್ಮ ಪಠ್ಯದಲ್ಲಿ ಸಂಚಿ ಹೊನ್ನಮ್ಮ ಇದ್ದಾಳೆ. ಹದಿಬದೆಯ ಧರ್ಮ ಬರೆದು ಹೆಂಡತಿ ಹೇಗಿರಬೇಕು ಎಂದು ಹೇಳಿದ್ದಕ್ಕೆ ಎಲ್ಲರೂ ಅವಳನ್ನು ಮೆಚ್ಚಿದರು. (ನೋಡಿ, ನಾನೇ ಅವಳು ಎಂದುಬಿಟ್ಟೆ. ಕವಿಗಳಿಗೆ ಇದು ಸಲುಗೆ ಅಂತ ಇಟ್ಟುಕೊಳ್ಳೋಣ.) ಮುದ್ದುಪಳನಿಯನ್ನು ಮೆಚ್ಚುವವರು ಕಡಮೆಯಾಗುತ್ತ ಬಂದರು. ಆಂಧ್ರದ ದೊಡ್ಡ ಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ಕವಿಚರಿತ್ರೆ ಬರೆದಾಗ ಮುದ್ದುಪಳನಿಯ ಪಾಂಡಿತ್ಯ ಒಪ್ಪಿಕೊಂಡರೂ, ಈ ಕಾವ್ಯದ ಭಾಗಗಳು ಹೆಂಗಸರು ಕೇಳುವಂಥವಲ್ಲ, ಹೆಂಗಸಿನ ಬಾಯಿಂದ ಬರುವಂಥವಂತೂ ಅಲ್ಲವೇ ಅಲ್ಲ ಎಂಬಂತೆ ತೀರ್ಪು ಕೊಟ್ಟರು.

ನಾಗರತ್ನಮ್ಮನವರು ಆ ಕಾವ್ಯ ಹುಡುಕಿ ತರಿಸಿದರು. 1887ರಲ್ಲಿ ಅಚ್ಚಾದ ಪ್ರತಿ ಸಿಕ್ಕಿತು, ಓದಿದರೆ ಏನೋ ಕೊರೆ. ಮೂಲದ ಕೈಬರಹದ ಪ್ರತಿ ತರಿಸಿ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿದಾಗ ಪದ್ಯಗಳನ್ನೇ ಕಿತ್ತುಹಾಕಿದ್ದು ಗೊತ್ತಾಯಿತು. ಎಲ್ಲವನ್ನೂ ಸರಿಪಡಿಸಿ, 1910ರಲ್ಲಿ ಮದ್ರಾಸಿನ ವಾವಿಳ್ಳ ಪ್ರಕಾಶನದ ಮೂಲಕ ಪೂರ್ತಿ ಪುಸ್ತಕ ಹೊರಗೆ ತಂದರು. ಮುನ್ನುಡಿಯಲ್ಲಿ ಪಂತುಲು ಅವರಿಗೇ ನೇರವಾಗಿ ಪ್ರಶ್ನೆ ಹಾಕಿದರು. ಗಂಡಸರು ಬರೆದ ಕಾವ್ಯಗಳಲ್ಲಿ ಇದಕ್ಕಿಂತ ಹೆಚ್ಚಿನ ಶೃಂಗಾರವಿಲ್ಲವೇ, ಅದನ್ನು ಮಾತ್ರ ದೊಡ್ಡವರು ತಿದ್ದಿ ಅಚ್ಚು ಹಾಕಿಸಿ ಪಾಠಕ್ಕೂ ಇಡುವುದೇಕೆ, ನಾಚಿಕೆ ಎನ್ನುವುದು ಹೆಂಗಸರಿಗೆ ಮಾತ್ರ ಇರಬೇಕಾದ ಗುಣವೇ ಎಂದು. ಒಬ್ಬ ಕನ್ನಡ ಹೆಂಗಸು ತೆಲುಗು ಕಾವ್ಯ ತಿದ್ದಿ, ತೆಲುಗಿನ ಯುಗಪುರುಷರಿಗೆ ಹೀಗೆ ಕೇಳಿದರು ಎಂದರೆ ಆ ಧೈರ್ಯ ಎಂಥದ್ದಿರಬೇಕು!

1911ರಲ್ಲಿ ಸರ್ಕಾರ ಪುಸ್ತಕವನ್ನು ಅಶ್ಲೀಲ ಎಂದು ಸಾರಿತು. ಪೊಲೀಸರು ಪ್ರಕಾಶಕರ ಮನೆಗೆ ಬಂದು ಪ್ರತಿಗಳನ್ನು ಎತ್ತಿಕೊಂಡು ಹೋದರು. ಪಂಡಿತರು ಕೆಲವರು ಸರ್ಕಾರಕ್ಕೆ ಬರೆದುಕೊಂಡರೂ ಉಪಯೋಗವಾಗಲಿಲ್ಲ.

ಇದರ ಹತ್ತು ವರ್ಷದ ಮೇಲೆ, 1921ರಲ್ಲಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ಒಂದು ಕಾಗದ ಬಂತು. ಪಿಟೀಲು ಚೌಡಯ್ಯನವರ ಗುರುಗಳು ಇವರು. ತಿರುವಯ್ಯಾರಿನಲ್ಲಿ ಕಾವೇರಿ ದಂಡೆಯ ಮೇಲೆ ತ್ಯಾಗರಾಜರ ಸಮಾಧಿ ಕಾಡು ಬೆಳೆದು ಹಾಳುಬಿದ್ದಿದೆ ಎಂದು ಅದರಲ್ಲಿತ್ತು. ತ್ಯಾಗರಾಜರು 1847ರಲ್ಲಿ ತೀರಿಕೊಂಡವರು. ಶಿಷ್ಯರು ಕಟ್ಟಿದ ಸಣ್ಣ ಬೃಂದಾವನವೊಂದು ಅಲ್ಲಿತ್ತು. ನಾಗರತ್ನಮ್ಮನವರು ಹೋಗಿ ನೋಡಿದರು. ತಮ್ಮ ಪರಂಪರೆಯ ಮೂಲಪುರುಷನ ಸಮಾಧಿ ಇದು ಎಂಬುದು ಅವರಿಗೆ ಬರೀ ಮಾತಾಗಿರಲಿಲ್ಲ. ಸುತ್ತಲಿನ ಜಾಗ ಪಡೆದರು, ಕೆಲಸ ಹಿಡಿಸಿದರು. ಹಾಡಿ ಗಳಿಸಿದ ದುಡ್ಡು, ಒಡವೆ, ಕೊನೆಗೆ ಮದ್ರಾಸಿನ ಮನೆ ಎಲ್ಲ ಅದಕ್ಕೇ ಹೋಯಿತು. 1925ರ ಜನವರಿಯಲ್ಲಿ ಗುಡಿ ಪೂರ್ತಿಯಾಗಿ ಪ್ರತಿಷ್ಠೆ ನಡೆಯಿತು. ಇದನ್ನು ಕಟ್ಟಿಸಿದವರು ವಿದ್ಯಾಸುಂದರಿ ಬೆಂಗಳೂರು ನಾಗರತ್ನಂ ಎಂದು ಕಲ್ಲಿನಲ್ಲಿ ಕೆತ್ತಿಸಿದರು.

ಈ ಕೆತ್ತನೆ ನನಗೆ ಬಹಳ ಹಿಡಿಸಿತು. ಯಾಕೆಂದರೆ ಹೆಸರು ಮರೆಸಿಕೊಂಡು ಹಾಡಿದವರೇ ಹೆಚ್ಚು. ನಮ್ಮ ಗಂಗೂಬಾಯಿ ಹಾನಗಲ್ಲರು ಮುಂಬಯಿಗೆ ಬಂದು ಮೊದಲು ಪ್ಲೇಟು ಕೊಟ್ಟಾಗ ಲೇಬಲಿನ ಮೇಲೆ ಗಾಂಧಾರಿ ಎಂದು ಬೇರೆ ಹೆಸರೇ ಇತ್ತು. ಅವರೂ ಹಾಡುವವರ ಮನೆತನದಿಂದ ಬಂದವರೇ.

ಗುಡಿ ಕಟ್ಟಿಸಿದ್ದಾಯಿತು. ಅದರ ಮುಂದೆ ಹಾಡುವವರು ಯಾರು? ತ್ಯಾಗರಾಜರ ಆರಾಧನೆ ನಡೆಸುವುದಕ್ಕೆ ದೊಡ್ಡ ಪಕ್ಷ, ಚಿಕ್ಕ ಪಕ್ಷ ಎಂದು ಎರಡು ಗುಂಪುಗಳಿದ್ದವು. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಆದರೆ ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: ಹೆಂಗಸರು ಅಲ್ಲಿ ಹಾಡಕೂಡದು. ತಾವೇ ಕಟ್ಟಿಸಿದ ಗುಡಿಯ ಎದುರು ಹರಿಕಥೆ ಮಾಡುತ್ತೇನೆ ಎಂದು ನಾಗರತ್ನಮ್ಮನವರು ಕೇಳಿದಾಗ ಇಲ್ಲ ಎಂದರು. ಇದನ್ನು ಓದಿದಾಗ ನನಗೆ ಮೈಯೆಲ್ಲ ಉರಿಯಿತು. ಅವರು ಮಾತ್ರ ಜಗಳಕ್ಕೆ ನಿಲ್ಲಲಿಲ್ಲ, ಬಿಟ್ಟೂ ಬರಲಿಲ್ಲ. ಮದ್ರಾಸು ಮತ್ತಿತರ ಊರುಗಳಿಂದ ತಮ್ಮ ಕುಲದ ಹಾಡುವ ಹೆಂಗಸರನ್ನು ಕರೆಸಿ, ಗುಡಿಯ ಹಿಂಭಾಗದಲ್ಲಿ ತಮ್ಮದೇ ಆರಾಧನೆ ಶುರು ಮಾಡಿದರು. ಮುಂದೆ ಗಂಡಸರು, ಹಿಂದೆ ಹೆಂಗಸರು, ನಡುವೆ ಸುಮ್ಮನೆ ಮಲಗಿದ್ದ ತ್ಯಾಗರಾಜರು! ಜನ ಇದನ್ನು ಹೆಂಗಸರ ಪಕ್ಷ ಎಂದು ಕರೆದರು. ವರ್ಷಗಟ್ಟಲೆ ಹೀಗೇ ನಡೆಯಿತು. ಸಂಗೀತಗಾರರು, ಅಧಿಕಾರಿಗಳು ನಡುವೆ ಬಂದು 1940ರಲ್ಲಿ ಎಲ್ಲ ಪಕ್ಷಗಳನ್ನೂ ಸೇರಿಸಿ ಒಂದೇ ಸಭೆ ಮಾಡಿದರು. 1941ರಿಂದ ಆರಾಧನೆ ಒಟ್ಟಿಗೆ ನಡೆದು, ಹೆಂಗಸರೂ ಹಾಡುವಂತಾಯಿತು. ಪುಷ್ಯ ಬಹುಳ ಪಂಚಮಿಯ ದಿನ ಗಂಡಸರು ಹೆಂಗಸರು ಎದುರುಬದುರು ಕೂತು ಪಂಚರತ್ನ ಹಾಡುವುದನ್ನು ನಾವು ನೋಡುತ್ತೇವಲ್ಲ, ಅದು ತ್ಯಾಗರಾಜರ ಕಾಲದಿಂದ ಬಂದ ಪದ್ಧತಿಯಲ್ಲ. ನಮ್ಮ ಮಾಟುಂಗದ ತಮಿಳರ ಮನೆಗಳಲ್ಲೂ ಆ ಹಾಡುಗಳು ಕೇಳಿಸುತ್ತವೆ.

ಇನ್ನೊಂದು ಕಡೆ ಅವರು ಸೋತರು. ಬರೆಯುವುದು ನನಗೆ ಕಷ್ಟವಾದ ಭಾಗ ಇದು. 1927ರಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಮದ್ರಾಸು ಶಾಸನಸಭೆಯಲ್ಲಿ, ಹುಡುಗಿಯರನ್ನು ದೇವರಿಗೆ ಬಿಡುವ ಪದ್ಧತಿ ನಿಲ್ಲಬೇಕು ಎಂದು ಠರಾವು ತಂದರು. ಮೈಸೂರು ಸಂಸ್ಥಾನದಲ್ಲಿ ಮುಜರಾಯಿ ದೇವಸ್ಥಾನಗಳ ಸೇವೆಯಿಂದ ದೇವದಾಸಿಯರನ್ನು 1909ರಲ್ಲೇ ಬಿಡಿಸಿದ್ದರು. ಮುತ್ತುಲಕ್ಷ್ಮಿಯವರ ತಾಯಿಯೂ ದೇವದಾಸಿ ಮನೆತನದವರೇ; ಆ ನೋವು ಅವರಿಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಇತ್ತ ನಾಗರತ್ನಮ್ಮನವರು ಮದ್ರಾಸು ಪ್ರಾಂತ್ಯದ ದೇವದಾಸಿಯರ ಸಂಘ ಕಟ್ಟಿ, ಅದರ ಅಧ್ಯಕ್ಷೆಯಾಗಿ, ಸರ್ಕಾರಕ್ಕೆ ಮನವಿ ಕೊಟ್ಟರು. ನಾವು ಕಲೆಯನ್ನೂ ದೇವರ ಸೇವೆಯನ್ನೂ ನಂಬಿ ಬದುಕಿದವರು, ನಮ್ಮನ್ನೂ ಸೂಳೆಗಾರಿಕೆಯನ್ನೂ ಒಂದೇ ಮಾಡಬೇಡಿ, ದಾರಿ ತಪ್ಪಿದವರಿದ್ದರೆ ಅವರಿಗೆ ವಿದ್ಯೆ ಕೊಡಿ, ನಮ್ಮ ಆಸ್ತಿ ಹಕ್ಕು ಕಿತ್ತುಕೊಳ್ಳಬೇಡಿ ಎಂಬುದು ಅದರ ಸಾರ. ಯಾರ ಮಾತು ಸರಿ? ಕಾಮಾಟಿಪುರದ ನೆನಪಾದರೆ ಮುತ್ತುಲಕ್ಷ್ಮಿಯವರ ಕಡೆ ನಿಲ್ಲುತ್ತೇನೆ. ಐದು ವರ್ಷದ ಕೂಸಿಗೆ ತಾಳಿ ಕಟ್ಟುವುದನ್ನು ಯಾವ ಕಲೆಯ ಹೆಸರಿನಲ್ಲೂ ಒಪ್ಪಲಾರೆ. ಆದರೆ ಹಾಡಿ, ಓದಿ, ತೆರಿಗೆ ಕಟ್ಟಿ ಬದುಕಿದ ಹೆಂಗಸನ್ನು ಒಂದೇ ಒಂದು ಕೆಟ್ಟ ಮಾತಿನಲ್ಲಿ ಮುಗಿಸಿಬಿಟ್ಟರಲ್ಲ ಅನ್ನುವುದೂ ಬಿಡುವುದಿಲ್ಲ. ಈ ಲೆಕ್ಕ ನನಗೆ ಇನ್ನೂ ತಾಳೆ ಬಿದ್ದಿಲ್ಲ. ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲೇ ಕಾಯ್ದೆ ಬಂತು, ಕರ್ನಾಟಕದಲ್ಲಿ 1982ರಲ್ಲಿ ಮತ್ತೆ ಮಾಡಬೇಕಾಯಿತು ಎಂದರೆ ಕಾಯ್ದೆಯೊಂದರಿಂದಲೇ ಕೆಲಸ ಆಗಲಿಲ್ಲ ಎಂದಾಯಿತು.

ಮದ್ರಾಸಿನ ಕಾಯ್ದೆ ಬಂದದ್ದು 1947ರಲ್ಲಿ. ಅದೇ 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ ರಾಧಿಕಾ ಸಾಂತ್ವನಮು ಮೇಲಿನ ನಿಷೇಧ ಹೋಯಿತು. ಮೂವತ್ತಾರು ವರ್ಷದ ಮೇಲೆ! ಒಂದೇ ವರ್ಷದಲ್ಲಿ ಅವರ ಕುಲಕ್ಕೆ ಬೀಗ ಬಿತ್ತು, ಅವರ ಪುಸ್ತಕಕ್ಕೆ ಬೀಗ ತೆಗೆಯಿತು. ಆಗ ಅವರು ತಿರುವಯ್ಯಾರಿನಲ್ಲೇ ಇದ್ದುಬಿಟ್ಟಿದ್ದರು. ಎಪ್ಪತ್ತರ ಹತ್ತಿರದ ಮುದುಕಿ, ಕೈಯಲ್ಲಿ ಒಡವೆ ಇಲ್ಲ, ದಿನಾ ಸಮಾಧಿಯ ಪೂಜೆ. ತ್ಯಾಗರಾಜರ ಮೇಲೆ ಸಂಸ್ಕೃತದಲ್ಲಿ ಅಷ್ಟೋತ್ತರ ನಾಮಾವಳಿ ಬರೆದಿದ್ದರು, ಅದನ್ನು ಹೇಳುತ್ತಿದ್ದರು.

1949ರಲ್ಲಿ ಉಯಿಲು ಬರೆಸಿದರು. ಉಳಿದ ಆಸ್ತಿಯೆಲ್ಲ ಸಮಾಧಿಯ ಸೇವೆಗೆ ಟ್ರಸ್ಟ್ ಆಗಬೇಕು. ಹೆಂಗಸರಿಗೂ, ದೇವದಾಸಿ ಮನೆತನದವರಿಗೂ, ಅಲ್ಲಿ ಪೂಜೆ ಮಾಡಿ ಹಾಡುವ ಹಕ್ಕು ಗಂಡಸರಷ್ಟೇ ಇರಬೇಕು ಎಂದು ಅದರಲ್ಲಿ ಸೇರಿಸಿದರು. 1952ರ ಮೇ 19ರಂದು ತೀರಿಕೊಂಡರು. ವಾವಿಳ್ಳದವರು ಪುಸ್ತಕವನ್ನು ಮತ್ತೆ ಅಚ್ಚು ಹಾಕಿದ್ದೂ ಅದೇ ವರ್ಷ. ತ್ಯಾಗರಾಜರ ಗುಡಿಯ ಹತ್ತಿರದಲ್ಲೇ ಅವರ ಸಮಾಧಿಯೂ ಇದೆ. ಅಲ್ಲಿ ಕೈ ಮುಗಿದುಕೊಂಡು ಗುಡಿಯ ಕಡೆ ನೋಡುತ್ತ ಕೂತ ಅವರ ವಿಗ್ರಹವೊಂದಿದೆ.